ದೋಣಿಗೊಂದು ಚಿಪ್ಪು ಬಾಳೆಹಣ್ಣು

ಕಡಲಾಚೆಯ ಬ್ಲ್ಯಾಕ್‌ಟೌನಿನ ನನ್ನ ದಿನಸಿ ಅಂಗಡಿಯಿಂದ ಗಿರಾಕಿಯೊಬ್ಬ ಬರಿಗೈಯಲ್ಲಿ ಹೋದ ಚರಿತ್ರೆಯೇ ಇಲ್ಲ. ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗೆ ಬಂದವನು ದೊಡ್ಡ ಮೂಟೆ ಸೋನಾ ಮಸೂರಿ ಹೊತ್ತುಕೊಂಡು, ನನಗೇ ಥ್ಯಾಂಕ್ಸ್ ಹೇಳಿ ಹೋಗುತ್ತಾನೆ. ಅಂಥ ಪಂಚಾಕ್ಷರಯ್ಯನಿಗೆ ಸ್ವಂತ ಮಗಳ ಮೆಚ್ಚುಗೆ ಗಳಿಸುವುದು ಯಾವ ಮಹಾ ಕೆಲಸ? ಗಳಿಸಿಯೇ ತೀರುತ್ತೇನೆ ಎಂದು 2006ರ ದಸರೆಯ ಹೊತ್ತಿಗೆ ಪ್ರತಿಜ್ಞೆ ಮಾಡಿದೆ. ಸಾಕ್ಷಿಗೆ ಹೆಂಡತಿ ಭಾಗೀರಥಿ ಇದ್ದಳು. ಬಟಾಣಿ ಬಿಡಿಸುತ್ತಿದ್ದವಳು ತಲೆಯೆತ್ತಲಿಲ್ಲ.

ಪ್ರತಿಜ್ಞೆಗೆ ಕಾರಣ ಮಗಳು ಇಂಚರಾಳ ಕೋಣೆಯ ಗೋಡೆ. ಹದಿನಾಲ್ಕರ ಹುಡುಗಿಯ ಗೋಡೆಯ ಮೇಲೆ ಸಿನಿಮಾದವರಿರಬೇಕು, ಕ್ರಿಕೆಟ್‌ನವರಿರಬೇಕು. ಇವಳ ಗೋಡೆಯ ಮೇಲೆ ಶೆರಿಲ್ ಡನ್‌ಸ್ಟನ್ ಎಂಬ ಐವತ್ತು ದಾಟಿದ ಹೆಂಗಸು ಬ್ಯಾಸ್ ಎಂಬ ಮೀನನ್ನು ಎತ್ತಿ ಹಿಡಿದು ನಗುತ್ತಿದ್ದಳು. ಬ್ಯಾಸ್ ಹಿಡಿಯುವುದೇ ಅವಳ ವೃತ್ತಿಯಂತೆ. ಅದಕ್ಕೂ ಪಂದ್ಯವಂತೆ, ಬಹುಮಾನವಂತೆ. ಅಂಗಿಯ ತುಂಬ ಕಂಪನಿಗಳ ಹೆಸರು. ನಮ್ಮದೋ, ಕೇಕಿನಲ್ಲಿ ಮೊಟ್ಟೆ ಇದೆಯೇ ಎಂದು ಮೂಸಿ ನೋಡುವ ಲಿಂಗಾಯತ ಮನೆ.

"ಆ ಮೀನನ್ನ ಏನು ಮಾಡ್ತಾಳಮ್ಮ ಆಮೇಲೆ?" ಎಂದೆ.

"ಕೊಲ್ಲಲ್ಲ ಡ್ಯಾಡ್. ತೂಕ ಮಾಡಿ ವಾಪಸ್ ನೀರಿಗೆ ಬಿಡ್ತಾಳೆ."

ತೂಕ ಮಾಡಿದ್ದನ್ನು ಮಾರದೆ ವಾಪಸ್ ಇಡುವ ಕಸುಬೊಂದು ಭೂಮಿಯ ಮೇಲಿದೆ ಎಂದು ಅವತ್ತೇ ನನಗೆ ತಿಳಿದದ್ದು. ಅಂದಹಾಗೆ, ಇಂಚರಾಗೆ ಕನ್ನಡ ಅರ್ಥವಾಗುತ್ತದೆ, ಆದರೆ ಉತ್ತರ ಕೊಡುವುದು ಇಂಗ್ಲಿಷಿನಲ್ಲಿ ಮಾತ್ರ. ಓದುಗರಿಗಾಗಿ ನಾನೇ ಕನ್ನಡಕ್ಕೆ ಇಳಿಸಿದ್ದೇನೆ. ಅದಕ್ಕೆ ಬೇರೆ ಚಾರ್ಜ್ ಇಲ್ಲ.

ಬೆಳಗಾದರೆ 'ಶೆರಿಲ್ ಹೇಳ್ತಾಳೆ' ಶುರು. ತಾಳ್ಮೆ ಬೇಕು, ಶೆರಿಲ್ ಹೇಳ್ತಾಳೆ. ಬೇಗ ಏಳಬೇಕು, ಶೆರಿಲ್ ಹೇಳ್ತಾಳೆ. ಇದನ್ನೇ ನಾನು ಹತ್ತು ವರ್ಷದಿಂದ ಹೇಳುತ್ತಿದ್ದೆ, ಮೀನು ಎತ್ತಿ ಹಿಡಿದಿರಲಿಲ್ಲ ಅಷ್ಟೆ. ಶಾಲೆಯಲ್ಲಿ ಆದರ್ಶ ವ್ಯಕ್ತಿಯ ಬಗ್ಗೆ ಮಾತಾಡಿ ಎಂದಾಗಲೂ ಮಗಳು ಶೆರಿಲ್ ಬಗ್ಗೆಯೇ ಮಾತಾಡಿ ಬಂದಳು.

"ಅಪ್ಪನ ಬಗ್ಗೆ ಮಾತಾಡೋಕೆ ಏನೂ ಸಿಗಲಿಲ್ವಾ?"

"ನೀನು ಮೆತ್ತಗಾದ ಟೊಮೆಟೊನ ನಗ್ತಾ ನಗ್ತಾ ಫ್ರೀ ಅಂತ ಕೊಡ್ತೀಯ ಡ್ಯಾಡ್. ಅದರಲ್ಲಿ ಆದರ್ಶ ಏನಿದೆ?"

"ಅದು ವ್ಯಾಪಾರ ಕಣೇ. ನಮ್ಮ ಹತ್ರ ಇದ್ರೆ ನಷ್ಟ, ಇನ್ನೊಬ್ಬರ ಕೈಗೆ ಹೋದ್ರೆ ಉಡುಗೊರೆ."

ಅವಳು ಕಣ್ಣು ತಿರುಗಿಸಿದ ರಭಸಕ್ಕೆ ಫ್ಯಾನ್ ಬೇಕಿರಲಿಲ್ಲ.

ಆ ಅಕ್ಟೋಬರಿನಲ್ಲಿ ಹಾಕ್ಸ್‌ಬರಿ ನದಿಯಲ್ಲಿ ಮೀನು ಹಿಡಿಯುವ ಕ್ಲಬ್ಬಿನವರು ಒಂದು ಪಂದ್ಯ ಇಟ್ಟರು. ಒಬ್ಬೊಬ್ಬ ದೊಡ್ಡ ಆಟಗಾರರ ದೋಣಿಯಲ್ಲಿ ಒಂದೊಂದು ಮಗುವಿಗೆ ಜಾಗ. ಚೀಟಿ ಎತ್ತಿದಾಗ ಇಂಚರಾ ಶೆರಿಲ್ ದೋಣಿಗೇ ಬಂದಳು. ಮಗಳು ಎರಡು ದಿನ ಊಟ ಮಾಡಲಿಲ್ಲ, ಸಂತೋಷಕ್ಕೆ. ಶೆರಿಲ್ ದೂರದ ಊರಿನವಳು, ದೋಣಿ ನಿಲ್ಲಿಸಲು ಜಾಗ ಬೇಕು ಎಂದಾಗ ನಮ್ಮ ಡ್ರೈವ್‌ವೇ ಇದೆಯಲ್ಲ ಎಂದೆ. ಶನಿವಾರ ಸಂಜೆ ಬಂದು, ಟ್ರೇಲರ್ ಮೇಲಿದ್ದ ದೋಣಿಯನ್ನು ನಮ್ಮ ಮನೆಮುಂದೆ ಬಿಟ್ಟು, "ನೋಡಿಕೊ ಪಂಚ್" ಎಂದು ನನ್ನ ಬೆನ್ನಿಗೊಂದು ಗುದ್ದಿ ಹೋಟೆಲಿಗೆ ಹೋದಳು.

ಆ ವರ್ಷ ಆಯುಧಪೂಜೆ ಭಾನುವಾರವೇ ಬಿದ್ದಿತ್ತು. ಪಂದ್ಯವೂ ಭಾನುವಾರ. ಮನೆಮುಂದೆ ದೋಣಿ. ಶಿವನೇ ಜೋಡಿಸಿ ಕೊಟ್ಟಿದ್ದಾನೆ ಎನ್ನಿಸಿತು. ನನ್ನ ಡೆಲಿವರಿ ವ್ಯಾನಿಗೆ ಮಾಡುವ ಪೂಜೆಯನ್ನು ದೋಣಿಗೆ ಮಾಡಿ, ಅದು ಗೆದ್ದು ಬಂದರೆ ಗೋಡೆಯ ಮೇಲೆ ಯಾರ ಫೋಟೋ ಇರುತ್ತದೆ?

"ಅವರನ್ನ ಒಂದು ಮಾತು ಕೇಳ್ರಿ," ಎಂದಳು ಭಾಗೀರಥಿ.

"ಸರ್‌ಪ್ರೈಸ್ ಯಾರಾದ್ರೂ ಕೇಳಿ ಕೊಡ್ತಾರಾ?"

"ನೀವು ಕೊಟ್ಟ ಸರ್‌ಪ್ರೈಸ್ ಎಲ್ಲಾ ನಾನು ನೋಡಿದೀನಿ. ಅದಕ್ಕೇ ಹೇಳಿದ್ದು."

ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಮಡಿಪಂಚೆ ಉಟ್ಟು, ದೋಣಿ ಹತ್ತಿದೆ. ಇಂಜಿನ್‌ಗೆ ಮೂರು ಬೆರಳಿನ ವಿಭೂತಿ, ಟ್ರೇಲರ್ ಚಕ್ರಗಳಿಗೆ ನಿಂಬೆಹಣ್ಣು. ಫಿಜಿಯ ಗಿರಾಕಿಯೊಬ್ಬರ ಹಿತ್ತಲಿನಿಂದ ತಂದ ಎರಡು ಬಾಳೆಕಂದು ಎರಡೂ ಪಕ್ಕ. ಎಲ್ಲಕ್ಕಿಂತ ಮುಂದೆ, ದೋಣಿಯ ಮೂತಿಯ ಮೇಲೆ, ಒಂದು ಇಡೀ ಚಿಪ್ಪು ಬಾಳೆಹಣ್ಣು. ಇದನ್ನು ಸುಮ್ಮನೆ ಓದಿ ಮುಂದೆ ಹೋಗಬೇಡಿ. ಆ ವರ್ಷ ಉತ್ತರದಲ್ಲಿ ಚಂಡಮಾರುತ ಬಂದು ಬಾಳೆತೋಟಗಳೆಲ್ಲ ಮಲಗಿ, ಬಾಳೆಹಣ್ಣು ಬಂಗಾರದ ಪಕ್ಕದಲ್ಲಿ ಕೂತಿತ್ತು. ದೇಶಕ್ಕೆ ದೇಶವೇ ಬಾಳೆಹಣ್ಣಿನ ರುಚಿ ಮರೆತಿತ್ತು. ನಾನು ಇಡೀ ಚಿಪ್ಪು ಇಟ್ಟಿದ್ದೆ. ನನ್ನ ಔದಾರ್ಯಕ್ಕೆ ನನಗೇ ಕಣ್ಣು ಮಂಜಾಯಿತು.

ಮಂಗಳಾರತಿ ಮುಗಿಯುವುದಕ್ಕೂ ಫೋನ್ ಬರುವುದಕ್ಕೂ ಸರಿಹೋಯಿತು. ಭಾಗೀರಥಿಯ ತಮ್ಮ ಸುದರ್ಶನ್, ಮೆಲ್ಬರ್ನಿನ ಟಾರ್ನೀಟ್‌ನಿಂದ, ಹಬ್ಬದ ಶುಭಾಶಯ ಹೇಳಲು. ನಾನು ಪೂಜೆಯ ವೈಭವವನ್ನೆಲ್ಲ ಬಣ್ಣಿಸಿದೆ.

"ಭಾವ," ಎಂದ ಅವನು, "ಬಾಳೆಹಣ್ಣು ಎಲ್ಲಿಟ್ಟಿದೀನಿ ಅಂದ್ರಿ?"

"ದೋಣಿ ಮೇಲೆ."

"ಅಯ್ಯೋ, ಮೊದಲು ತೆಗೀರಿ ಭಾವ. ಹೋದ ವರ್ಷ ಆಫೀಸಿನವರ ಜೊತೆ ಮೀನು ಹಿಡಿಯೋಕೆ ಹೋಗಿದ್ದೆ. ನನ್ನ ಟಿಫನ್ ಬಾಕ್ಸಲ್ಲಿ ಒಂದೇ ಒಂದು ಬಾಳೆಹಣ್ಣಿತ್ತು. ದೋಣಿಯವನು ನೋಡಿದ್ದೇ ಬಾಕ್ಸ್ ಸಮೇತ ಸಮುದ್ರಕ್ಕೆ ಎಸೆದ. ಚಿತ್ರಾನ್ನಾನೂ ಹೋಯ್ತು."

"ಯಾಕೋ?"

"ನಮಗೆ ಬೆಕ್ಕು ಅಡ್ಡ ಬಂದ ಹಾಗೆ ಇವರಿಗೆ ದೋಣೀಲಿ ಬಾಳೆಹಣ್ಣು. ಒಂದು ಮೀನೂ ಬೀಳಲ್ವಂತೆ. ಮೀನು ಹಿಡಿಯೋರು ಪ್ರಾಣ ಹೋದ್ರೂ ಹತ್ತಿಸಲ್ಲ. ನಿಮ್ಮ ಶೆರಿಲ್ ನೋಡಿದ್ರೆ ದೋಣೀನೂ ಹತ್ತಲ್ಲ, ಇಂಚರಾನೂ ಹತ್ತಿಸಲ್ಲ."

ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ಶೆರಿಲ್‌ಳ ಗಾಡಿ ಕಾಣಿಸಿತು. ಫೋನ್ ಎಸೆದು ದೋಣಿಗೆ ಹಾರಿದೆ. ಬಾಳೆಕಂದು ಎರಡನ್ನೂ ಕಿತ್ತು ಪಕ್ಕದ ಮನೆಯ ಬೇಲಿಯಾಚೆ ಒಗೆದೆ. ಚಿಪ್ಪು ಕೈಯಲ್ಲಿ ಉಳಿಯಿತು. ಮಡಿಪಂಚೆಗೆ ಜೇಬಿಲ್ಲ. ಮೈಮೇಲೆ ಅಂಗಿ ಇಲ್ಲ. ಕಾಲಬಳಿ ಒಂದು ಮುಚ್ಚಳ ಕಂಡಿತು. ಎತ್ತಿ ಒಳಗೆ ತುರುಕಿ, ಮುಚ್ಚಿ, ಅದರ ಮೇಲೆ ಕೂತೆ.

"ಈ ಬಿಳಿ ಪಟ್ಟೆ ಏನು ಪಂಚ್?" ಶೆರಿಲ್ ಇಂಜಿನ್ ನೋಡಿ ಕೇಳಿದಳು.

"ಇಂಜಿನ್‌ಗೆ ಆಶೀರ್ವಾದ."

"ಬ್ಯೂಟಿ," ಎಂದಳು. "ಇಳಿ, ಹೊತ್ತಾಯಿತು."

ಇಳಿಯದೆ ವಿಧಿಯಿರಲಿಲ್ಲ. ನಾನು ಕೂತಿದ್ದು ಹಿಡಿದ ಮೀನನ್ನು ಜೀವಂತ ಇಡುವ ತೊಟ್ಟಿಯ ಮೇಲೆ. ಮೀನು ಬೀಳಬೇಕಾದ ಜಾಗದಲ್ಲೇ ಬಾಳೆಹಣ್ಣು ಬಿದ್ದಿತ್ತು. ಇಂಚರಾ ಶೆರಿಲ್ ಪಕ್ಕ ಹತ್ತಿ ಕೂತಳು. ನಿಂಬೆಹಣ್ಣು ಪಚಕ್ಕೆಂದವು. ಗಾಡಿ ಹೊರಟಿತು.

"ಹೇಳಿದ್ನಾ ಇಲ್ವಾ?" ಎಂದಳು ಬಾಗಿಲಲ್ಲಿ ಭಾಗೀರಥಿ.

ಪಂಚೆಯ ಮೇಲೇ ಜಾಕೆಟ್ ಏರಿಸಿ ವ್ಯಾನ್ ಓಡಿಸಿದೆ. ದಾರಿಯಲ್ಲಿದ್ದ ಕೆಂಪು ಸಿಗ್ನಲ್‌ಗಳೆಲ್ಲ ನನ್ನನ್ನು ಕಂಡು ನಿಂತು ಮಾತಾಡಿಸಿದವು. ನದಿ ತಲುಪುವಷ್ಟರಲ್ಲಿ ದೋಣಿಗಳು ನೀರಿಗಿಳಿದು ತಿರುವು ದಾಟಿದ್ದವು. ನನ್ನ ಪಂಚೆ ನೋಡಿದ ಒಬ್ಬ ಪುಣ್ಯಾತ್ಮ, "ಈಜಬೇಡ ಮೇಟ್, ನೀರು ತುಂಬಾ ತಣ್ಣಗಿದೆ," ಎಂದು ಬುದ್ಧಿ ಹೇಳಿದ.

ದಂಡೆಯಲ್ಲಿ ಕೂತು ಲೆಕ್ಕ ಹಾಕಿದೆ. ಶೆರಿಲ್ ಮೊದಲ ಮೀನು ಹಿಡಿಯುತ್ತಾಳೆ. ಮುಚ್ಚಳ ತೆಗೆಯುತ್ತಾಳೆ. ನೋಡುತ್ತಾಳೆ. ತಾನು ಪೂಜಿಸುವ ಹೆಂಗಸಿನ ಎದುರು ನನ್ನ ಮಗಳು ಅಪರಾಧಿಯಾಗಿ ನಿಲ್ಲುತ್ತಾಳೆ, ನಡುನೀರಿನಲ್ಲಿ. ಅದಾದ ಮೇಲೆ ಗೋಡೆಯ ಮೇಲೆ ಫೋಟೋ ಇರಲಿ, ಆ ಕೋಣೆಯ ಬಾಗಿಲು ತಟ್ಟುವ ಮುಖವೂ ನನಗೆ ಉಳಿಯುವುದಿಲ್ಲ.

ಮಧ್ಯಾಹ್ನ ದೋಣಿಗಳು ಒಂದೊಂದಾಗಿ ಬಂದವು. ಮೊದಲನೆಯವನ ತೊಟ್ಟಿ ಖಾಲಿ. ಎರಡನೆಯವನ ಇಂಜಿನ್ ಕೆಟ್ಟು, ಮೂರನೆಯವನು ಎಳೆದು ತಂದ. ಆ ಮೂರನೆಯವನೂ ಮೀನು ತೋರಿಸಲು ಹೋಗಿ ತಾನೇ ನೀರಿಗೆ ಬಿದ್ದು, ಮೀನು ಬಿಟ್ಟುಬಂದಿದ್ದ. ದೊಡ್ಡವರ ಮುಖವೆಲ್ಲ ಹುಳಿ. ಮಕ್ಕಳು ಮಾತ್ರ ಹಬ್ಬದ ಊಟ ಮಾಡಿದ ಹಾಗೆ ಗೆಲುವಾಗಿದ್ದರು. ಒಬ್ಬ ಹುಡುಗ ನನ್ನ ಪಕ್ಕದ ಕಸದ ಡಬ್ಬಿಗೆ ಏನೋ ಸಿಪ್ಪೆ ಎಸೆದು ಹೋದ. ಅದನ್ನು ಗಮನಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಕೊನೆಗೆ ಶೆರಿಲ್ ದೋಣಿ. ನಾನು ಕಣ್ಣು ಮುಚ್ಚಿದೆ. ಮುಚ್ಚಳ ತೆಗೆದ ಸದ್ದು ಕೇಳಿತು. ಕಣ್ಣು ಬಿಟ್ಟರೆ ತೊಟ್ಟಿಯಲ್ಲಿ ಮೂರು ಬ್ಯಾಸ್ ಬಾಲ ಆಡಿಸುತ್ತಿವೆ. ಅದರಲ್ಲಿ ಒಂದು ಇಂಚರಾ ಹಿಡಿದದ್ದು. ಬಾಳೆಹಣ್ಣಿನ ಸುಳಿವೇ ಇಲ್ಲ. ತೂಕವಾಯಿತು, ಗೆದ್ದರು, ಮೀನುಗಳು ವಾಪಸ್ ನದಿಗೆ ಹೋದವು. ಶೆರಿಲ್ ನನ್ನ ಮಗಳ ಭುಜದ ಮೇಲೆ ಕೈಹಾಕಿ ಫೋಟೋ ತೆಗೆಸಿಕೊಂಡಳು. ನನ್ನನ್ನು ಪಕ್ಕಕ್ಕೆ ಸರಿ ಎಂದರು.

ವ್ಯಾನ್ ಮೇನ್ ರೋಡಿಗೆ ಬಂದ ಮೇಲೆ ಮೆಲ್ಲಗೆ ಕೇಳಿದೆ, "ಪುಟ್ಟಿ, ಆ ತೊಟ್ಟೀಲಿ..."

"ಬಾಗಿಲಲ್ಲಿ ನಿಂತು ನೋಡ್ತಾನೇ ಇದ್ದೆ ಡ್ಯಾಡ್. ನೀನು ಅದನ್ನ ತುರುಕಿದ್ದು, ಮೇಲೆ ಕೂತಿದ್ದು, ಎಲ್ಲಾ."

"ನದಿಗೆ ಎಸೆದ್ಯಾ?"

"ಈ ವರ್ಷ ಯಾರಾದ್ರೂ ಬಾಳೆಹಣ್ಣು ಎಸೀತಾರಾ? ಶೆರಿಲ್ ಹೆಸರು ಕೊಡೋಕೆ ಟೆಂಟಿಗೆ ಹೋದಾಗ ಬೇರೆ ದೋಣಿಗಳ ಮಕ್ಕಳಿಗೆ ಒಂದೊಂದು ಕೊಟ್ಟೆ. ಪಾಪ, ಬಾಳೆಹಣ್ಣು ತಿಂದು ತಿಂಗಳುಗಳಾಗಿತ್ತು. ಊಟಕ್ಕೆ ಅಂತ ಜೇಬಲ್ಲಿಟ್ಕೊಂಡು ದೋಣಿ ಹತ್ತಿದ್ರು."

ಸ್ಟೀರಿಂಗ್ ಒಮ್ಮೆ ಅಲ್ಲಾಡಿತು. "ಇದನ್ನೆಲ್ಲ ಎಲ್ಲಿ ಕಲಿತೆ ನೀನು?"

ಅವಳು ಕಿಟಕಿಯ ಕಡೆ ತಿರುಗಿ, ಹುಟ್ಟಿದಂದಿನಿಂದ ನಾನು ಕೇಳಿರದಷ್ಟು ಅಚ್ಚಗನ್ನಡದಲ್ಲಿ ಹೇಳಿದಳು: "ನಮ್ಮ ಹತ್ರ ಇದ್ರೆ ನಷ್ಟ, ಇನ್ನೊಬ್ಬರ ಕೈಗೆ ಹೋದ್ರೆ ಉಡುಗೊರೆ."

ಮನೆಗೆ ಬರುವವರೆಗೆ ನಾನು ಗೇರ್ ಬದಲಾಯಿಸಿದ್ದು ನೆನಪಿಲ್ಲ. ಆದರ್ಶ ವ್ಯಕ್ತಿಯ ಸ್ಥಾನ ನನ್ನದಾಗಿತ್ತು. ಗೋಡೆಗೆ ಹಾಕಲು ಯಾವ ಫೋಟೋ ಕೊಡಲಿ ಎಂದು ಸೋಮವಾರ ಇಡೀ ದಿನ ಅಂಗಡಿಯಲ್ಲಿ ಯೋಚಿಸುತ್ತಿದ್ದೆ. ಸಂಜೆ ಶೆರಿಲ್ ಫೋನ್ ಮಾಡಿದಳು.

"ಪಂಚ್, ಬೇರೆ ದೋಣಿಗಳ ಹುಡುಗರು ನಿನ್ನ ಬಾಳೆಹಣ್ಣಿನ ಸಿಪ್ಪೆ ಸುಲಿಯೋದನ್ನ ನಾನು ನೋಡಿದೆ," ಎಂದವಳೇ ನಗಲು ಶುರುಮಾಡಿದಳು. ನಗು ಮುಗಿದ ಮೇಲೆ ಫೈನಲ್‌ನ ವಿಷಯ ಹೇಳಿ, ಅದಕ್ಕೆ ಏನೇನು ಬೇಕು ಎಂದು ಹೇಳಿ ಇಟ್ಟಳು.

"ಏನಂತ್ರೀ?" ಎಂದಳು ಭಾಗೀರಥಿ.

"ಮುಂದಿನ ತಿಂಗಳು ಫೈನಲ್ ಅಂತೆ. ಒಂದು ಬಾಕ್ಸ್ ಬಾಳೆಹಣ್ಣು ಬೇಕಂತೆ. ಜೊತೆಗೆ ಇಂಚರಾನ ಕಳಿಸ್ಬೇಕಂತೆ."

"ನೀವು?"

"ನಾನು ಅಂಗಡೀಲೇ ಇರಬೇಕಂತೆ. ಎರಡೆರಡು ಅಪಶಕುನ ಸಂಭಾಳಿಸೋಕೆ ತನ್ನ ಕೈಲಾಗಲ್ವಂತೆ."