ಗಾದೆಮ್ಮ ಸ್ಮಾರಕ ಆರೈಕೆ ಗೃಹದ ಗುಣಮಟ್ಟ

ಆರೈಕೆ ಮಾಡುವವರಿಗೂ ದಣಿವಾಗುತ್ತದೆ ಎಂಬ ಸತ್ಯವನ್ನು ಬಳ್ಳಾರಿ ನಗರ ಅಧಿಕೃತವಾಗಿ ಒಪ್ಪಿಕೊಂಡದ್ದು ಅದಿರಿನ ಬೆಲೆ ಮುಗಿಲು ಮುಟ್ಟಿದ ವರ್ಷ. ಆ ವರ್ಷ ಗಣಿಧಣಿಯೊಬ್ಬರು ತೀರಿಹೋದ ತಾಯಿಯ ಹೆಸರಿನಲ್ಲಿ, ಕುರುಗೋಡು ರಸ್ತೆಯಲ್ಲಿ, ‘ಗಾದೆಮ್ಮ ಸ್ಮಾರಕ ವಯಸ್ಕರ ಅಲ್ಪಾವಧಿ ಆರೈಕೆ ಗೃಹ’ ಕಟ್ಟಿಸಿದರು. ಹಾಸಿಗೆ ಹಿಡಿದ ಗಂಡನನ್ನೋ, ಬುದ್ಧಿ ಬೆಳೆಯದ ತಮ್ಮನನ್ನೋ ನೋಡಿಕೊಂಡು ಸೋತವರು ಅವರನ್ನು ಇಲ್ಲಿ ಒಂದು ವಾರ ಬಿಟ್ಟು ಹಾಯಾಗಿರಲಿ ಎಂಬುದು ಧಣಿಗಳ ಆಸೆ. ಉದ್ಘಾಟನೆಗೆ ಅವರ ಹೆಲಿಕಾಪ್ಟರ್ ಇಳಿದಾಗ ಎದ್ದ ಕೆಂಧೂಳಿನಲ್ಲಿ ರಿಬ್ಬನ್ ಯಾರಿಗೂ ಕಾಣಲಿಲ್ಲ. ಆದರೂ ಅದು ಕತ್ತರಿಸಲ್ಪಟ್ಟಿತು ಎಂದು ಘೋಷಿಸಲಾಯಿತು.

ಕೌಲ್ ಬಜಾರಿನ ಸುಗ್ರಾಬಿ ಈ ಸುದ್ದಿ ಕೇಳಿ ಖುಷಿಗೆ ಅತ್ತೇಬಿಟ್ಟಳು. ತಮ್ಮ ಮುಸ್ತಾಕನಿಗೆ ಮೂವತ್ತು ದಾಟಿದ್ದರೂ ಉಣ್ಣಿಸುವುದು, ತೊಳೆಯುವುದು, ಮಲಗಿಸುವುದು ಎಲ್ಲಕ್ಕೂ ಅಕ್ಕನೇ ಆಗಬೇಕು. ಅವಳ ಗರ್ಭಕೋಶದಲ್ಲಿ ಗಡ್ಡೆ ಬೆಳೆದಿತ್ತು. ಇನ್ನು ತಡಮಾಡಿದರೆ ಜೀವಕ್ಕೇ ಕುತ್ತು ಎಂದು ಡಾಕ್ಟರು ಗುರುವಾರಕ್ಕೆ ಆಪರೇಷನ್ ಗೊತ್ತು ಮಾಡಿದ್ದರು. ಅವಳಿಗೆ ತನ್ನ ಹೊಟ್ಟೆಯೊಳಗಿನ ಗಡ್ಡೆಗಿಂತ ತಮ್ಮನ ಹೊಟ್ಟೆಯದೇ ಹೆಚ್ಚು ಚಿಂತೆ.

ಸೋಮವಾರ ಆಟೋದಲ್ಲಿ ಬಂದಿಳಿದ ಇಬ್ಬರನ್ನೂ ವ್ಯವಸ್ಥಾಪಕ ಚಿದಾನಂದಪ್ಪ ಕೈಮುಗಿದು ಬರಮಾಡಿಕೊಂಡರು.

“ಇವ ಮೆತ್ತಗ ಕಲಸಿದ ಅನ್ನ ಉಣ್ತಾನ್ರಿ ಸಾಹೇಬ್ರ. ಗುರುತಿಲ್ಲದೋರು ಕೊಟ್ರ ಬಾಯಿ ತೆರಿಯಂಗಿಲ್ಲ,” ಎಂದಳು ಸುಗ್ರಾಬಿ.

“ಅದಕ್ಕ ಅಕ್ಕಾರ, ನಮ್ಮಲ್ಲಿ ಒಂದು ನಿಯಮ ಐತಿ. ಗುಣಮಟ್ಟದಾಗ ರಾಜಿ ಇಲ್ಲ ನೋಡ್ರಿ. ಅತಿಥಿ ಜೋಡಿ ಮನಿಯವರೊಬ್ರು ಇರಬೇಕು.”

“ನಾನ ಇಲ್ಲಿದ್ರ ಬಿಟ್ಟು ಹೋಗೋದು ಹೆಂಗ್ರಿ?”

“ಬಿಟ್ಟು ಹೋಗಬ್ಯಾಡ್ರಿ ಅಂತ ಯಾರಂತಾರ? ಇದ್ದು ಬಿಟ್ಟುಹೋಗ್ರಿ ಅಂತೀವಿ, ಅಷ್ಟ.”

ಒಳಗೆ ಮಂಚಗಳಿದ್ದವು. ಅವುಗಳ ಮೇಲೆ ಹಾಲಿನಂಥ ಬಿಳಿ ಹೊದಿಕೆಗಳಿದ್ದವು. ಅದಿರಿನ ಲಾರಿಗಳು ಹಗಲಿರುಳು ಓಡಾಡುವ ಊರಿನಲ್ಲಿ ಬಿಳಿ ಬಟ್ಟೆಯನ್ನು ಬಿಳಿಯಾಗಿಡುವುದೇನು ಹುಡುಗಾಟವಲ್ಲ. ಆದ್ದರಿಂದ ಅತಿಥಿಗಳನ್ನು ವರಾಂಡದ ಚಾಪೆಗಳ ಮೇಲೆ ಮಲಗಿಸಿ, ಸಿಬ್ಬಂದಿ ಕಿಟಕಿ ಮುಚ್ಚಿಕೊಂಡು, ಏಸಿ ಹಾಕಿಕೊಂಡು ಹೊದಿಕೆ ಕಾಯುತ್ತಿದ್ದರು.

ಸುಗ್ರಾಬಿಯ ಪಕ್ಕದ ಚಾಪೆಯಲ್ಲಿ ಸಿರುಗುಪ್ಪದ ಕೊಟ್ಟೂರಪ್ಪ. ಲಕ್ವಾ ಹೊಡೆದು ಅವರ ಅರ್ಧ ಮೈ ಬಿದ್ದುಹೋಗಿತ್ತು. ಜೊತೆಗಿದ್ದ ಹೆಂಡತಿ ಜ್ವರ ಹತ್ತಿ, ಬದಲಿಗೆ ಮಗನನ್ನು ಕಳಿಸುವುದಾಗಿ ಬರೆದುಕೊಟ್ಟು ಊರಿಗೆ ಹೋದ ಮೇಲೆ ಅವರಿಗೆ ನೀರಿನ ತಂಬಿಗೆ ಎಟುಕುತ್ತಿರಲಿಲ್ಲ. ಸುಗ್ರಾಬಿ ನೀರು ಕುಡಿಸಿದಳು. ಅದೇ ಅವಳು ಮಾಡಿದ ತಪ್ಪು. ಮಂಗಳವಾರ ಸಂಜೆಯ ಹೊತ್ತಿಗೆ ವರಾಂಡದವರೆಲ್ಲ “ಯಕ್ಕಾ” ಎನ್ನತೊಡಗಿದ್ದರು. ಸಂಕಟವಾದರೂ ಇಲ್ಲವೆನ್ನಲು ಅವಳಿಗೆ ಬಾಯಿ ಬರಲಿಲ್ಲ.

ಬುಧವಾರ ಗುಣಮಟ್ಟ ಪರಿಶೀಲನಾ ಸಮಿತಿ ಬಂತು. ಅಧ್ಯಕ್ಷರು ಹೊದಿಕೆಯ ಮೇಲೆ ಬೆರಳಾಡಿಸಿ, ಬೆರಳು ನೋಡಿಕೊಂಡು ಸಂತುಷ್ಟರಾದರು. ಆಮೇಲೆ ಕೊಟ್ಟೂರಪ್ಪನವರನ್ನು ಕೇಳಿದರು: “ಆರೈಕೆ ಹೇಗಿದೆ?”

“ಈ ಯಕ್ಕ ಬಂದಾಗಿಂದ ಛಲೋ ಐತ್ರಿ.”

ಸಮಿತಿ ಅಲ್ಲೇ ಸಭೆ ಸೇರಿ ನಿರ್ಣಯ ಪ್ರಕಟಿಸಿತು: ‘ಗೃಹದ ಆರೈಕೆಯು ಅತ್ಯುತ್ತಮ ದರ್ಜೆಯದಾಗಿದೆ. ಆರೈಕೆದಾರರಿಗೆ ವಿಶ್ರಾಂತಿ ನೀಡುವುದೇ ಗೃಹದ ಮೂಲ ಉದ್ದೇಶವಾಗಿರುವುದರಿಂದ ಅವರಿಗೆ ತಕ್ಷಣ ವಿಶ್ರಾಂತಿ ಮಂಜೂರು ಮಾಡತಕ್ಕದ್ದು. ಆರೈಕೆದಾರರು ಎಂದರೆ ಆರೈಕೆಗಾಗಿ ಸಂಬಳ ಪಡೆಯುವವರು ಎಂದು ಓದಿಕೊಳ್ಳತಕ್ಕದ್ದು.’

ಸಿಬ್ಬಂದಿ ಚಪ್ಪಲಿ ಬಿಟ್ಟು ಮಂಚ ಹತ್ತಿದರು. ಚಿದಾನಂದಪ್ಪನವರಿಗೆ ಕಿಟಕಿ ಪಕ್ಕದ ಮಂಚ ದೊರೆಯಿತು. ಸುಗ್ರಾಬಿ ಅವರ ಕಾಲದೆಸೆಯಲ್ಲಿ ನಿಂತಳು.

“ಸಾಹೇಬ್ರ, ನಾಳಿ ನಂದು ಆಪರೇಷನ್ ಐತ್ರಿ. ಹೋಗಿ ಬರ್ತೀನಿ. ನನ್ನ ತಮ್ಮನ್ನ ನೋಡ್ಕೊಳ್ರಿ, ನಿಮ್ಮ ಕಾಲಿಗೆ ಬೀಳ್ತೀನಿ.”

“ಅಕ್ಕಾರ, ವಿಶ್ರಾಂತಿ ಆರೈಕೆದಾರರಿಗಷ್ಟ. ನೀವು ಮನಿಯವ್ರು. ನೀವು ಹೋದ್ರ ನಿಯಮದ ಪ್ರಕಾರ ಅವನ್ನೂ ಕರಕೊಂಡ ಹೋಗಬೇಕಾಕ್ಕೈತಿ.” ಚಿದಾನಂದಪ್ಪ ಹೊದಿಕೆ ಎಳೆದುಕೊಂಡರು. “ಆಪರೇಷನ್ ಅಂದ್ರೂ ಮಲಗಸೋದ ಅಲ್ಲೇನ್ರಿ? ಸ್ವಲ್ಪ ತಡೀರಿ.”

ಗುರುವಾರ ಬಂತು, ಹೋಯಿತು. ಶುಕ್ರವಾರ ಬೆಳಿಗ್ಗೆ ಕೊಟ್ಟೂರಪ್ಪನವರ ಮೈ ಒರೆಸುತ್ತಿದ್ದ ಸುಗ್ರಾಬಿ ಹಾಗೇ ಕುಸಿದುಬಿದ್ದಳು. ಸೀರೆ ರಕ್ತದಲ್ಲಿ ತೊಯ್ದಿತ್ತು. ಆಸ್ಪತ್ರೆಗೆ ಒಯ್ಯೋಣವೆಂದರೆ ಗೃಹದ ಗಾಡಿಯ ಡ್ರೈವರ್ ವಿಶ್ರಾಂತಿಯಲ್ಲಿದ್ದ. ಚಿದಾನಂದಪ್ಪ ಮಲಗಿದಲ್ಲಿಂದಲೇ ಮಾನವೀಯತೆ ಮೆರೆದರು. ಅವಳನ್ನೂ ಅತಿಥಿಯನ್ನಾಗಿ ಸೇರಿಸಿಕೊಂಡು ಒಂದು ಚಾಪೆ ಕೊಡಿಸಿದರು. ಅತಿಥಿಯೆಂದ ಮೇಲೆ ಮನೆಯವರೊಬ್ಬರು ಜೊತೆಗಿರಬೇಕಲ್ಲ! ಸುಗ್ರಾಬಿಗೆ ಇದ್ದವನು ಒಬ್ಬನೇ. ನೋಂದಣಿ ಪುಸ್ತಕದಲ್ಲಿ ಮುಸ್ತಾಕನ ಹೆಬ್ಬೆಟ್ಟು ಹಿಡಿದು ಒತ್ತಿಸಿದರು. ಅವನು ನಕ್ಕ.

ಮಧ್ಯಾಹ್ನ ಗೃಹಕ್ಕೆ ಗುಣಮಟ್ಟದ ಪ್ರಶಸ್ತಿ ಕೊಡಲು ಸಮಿತಿ ಮತ್ತೆ ಬಂತು. ಮುಸ್ತಾಕ್ ಅಕ್ಕನ ಸೆರಗು ಹಿಡಿದು ಕೂತಿದ್ದ, ಬೆಳಗಿನಿಂದ ಕದಲಿರಲಿಲ್ಲ. ಇಂಥ ನಿಷ್ಠೆಯನ್ನು ತಾವು ಕಂಡೇ ಇಲ್ಲವೆಂದು ಅಧ್ಯಕ್ಷರು ಗದ್ಗದಿತರಾದರು.

ಅಷ್ಟರಲ್ಲಿ ಮುಸ್ತಾಕ್ ಹಸಿದು ಅಳತೊಡಗಿದ. ಸುಗ್ರಾಬಿ ಗೋಡೆ ಹಿಡಿದು ಎದ್ದಳು. ಕಣ್ಣು ಕತ್ತಲಿಟ್ಟರೂ ತಟ್ಟೆ ಎಳೆದುಕೊಂಡು ಅನ್ನ ಕಲಸಿ ಅವನ ಬಾಯಿಗಿಟ್ಟಳು.

“ಗಮನಿಸಿದಿರಾ?” ಎಂದರು ಅಧ್ಯಕ್ಷರು. “ಬೆಳಿಗ್ಗೆ ಬಿದ್ದ ಅತಿಥಿ ಮಧ್ಯಾಹ್ನಕ್ಕೆ ಎದ್ದು ಕೂತಿದ್ದಾರೆ. ಚಿದಾನಂದಪ್ಪನವರು ಹೇಳಿದ ಆಪರೇಷನ್ನಿನ ಅಗತ್ಯವೇ ಬೀಳಲಿಲ್ಲ.”

ಎಲ್ಲರೂ ಚಪ್ಪಾಳೆ ತಟ್ಟಿದರು. ಮಂಚದ ಮೇಲಿದ್ದವರು ಮಲಗಿಕೊಂಡೇ ತಟ್ಟಿದರು. ಕೊಟ್ಟೂರಪ್ಪ ಸ್ವಾಧೀನವಿದ್ದ ಒಂದು ಕೈಯಿಂದ ನೆಲ ತಟ್ಟಿದರು.

“ತಟ್ಟಾಕ ಕೈ ಎಂಜಲ ಐತ್ರಿ, ತಪ್ಪ ತಿಳ್ಕೋಬ್ಯಾಡ್ರಿ,” ಎಂದು ಸುಗ್ರಾಬಿ ಕ್ಷಮೆ ಕೇಳಿದಳು.