ಮಾವನವರು ಎಂಜಿನ್ ಇಳಿಸಿದ್ದು

ನಮ್ಮ ಮಾವನವರು ಯಾರನ್ನೂ ನಂಬುವವರಲ್ಲ ಎಂದರೆ ನೀವು ನನ್ನನ್ನು ನಂಬಲೇಬೇಕು. ಹೆಣ್ಣು ಕೊಟ್ಟ ಮಾವನ ಬಗ್ಗೆ ಹೀಗೆ ಬರೆಯಬಹುದೇ ಎನ್ನುತ್ತೀರಾ? ಹೆಣ್ಣು ಕೊಡುವ ಮುಂಚೆ ಅವರು ನನ್ನ ಕಚೇರಿಯಲ್ಲಿ, ನಾನಿದ್ದ ಬಾಡಿಗೆ ಮನೆಯಲ್ಲಿ, ಕೊನೆಗೆ ನಾನು ಕ್ಷೌರಕ್ಕೆ ಹೋಗುತ್ತಿದ್ದ ಅಂಗಡಿಯಲ್ಲೂ ವಿಚಾರಿಸಿದ್ದರು. ಕ್ಷೌರದವನು ನನ್ನನ್ನು ಹೊಗಳಿದ. ಅದೇ ಎಡವಟ್ಟಾಯಿತು. "ಇಷ್ಟೊಂದು ಒಳ್ಳೆಯವ್ನು ಅಂತಾನೆ ಅಂದ್ರೆ ಏನೋ ಅದೆ" ಎಂದು ಮದುವೆಯನ್ನೇ ಒಂದಷ್ಟು ದಿನ ಮುಂದೂಡಿದರು.

ನಂಜನಗೂಡಿನಲ್ಲಿ ಅವರದು ಬೀಜ-ಗೊಬ್ಬರದ ಅಂಗಡಿ. ಮನೆಗೆ ಗ್ಯಾಸ್ ಸಿಲಿಂಡರ್ ಬಂದರೆ ಮೊದಲು ಅಂಗಡಿಯ ತಕ್ಕಡಿ ಏರಬೇಕು. ರಸಬಾಳೆ ಕೊಳ್ಳುವಾಗ, ನಂಜನಗೂಡಿನ ಬೀದಿಯಲ್ಲೇ ನಿಂತು, "ಇದು ನಿಜವಾಗ್ಲೂ ನಂಜನಗೂಡಿಂದೇನಯ್ಯಾ?" ಎಂದು ಕೇಳುವರು.

ಇಂಥವರು ತೊಂಬತ್ತರ ದಶಕದ ಆರಂಭದಲ್ಲಿ ಮೈಸೂರಿನಿಂದ ಒಂದು ಹಳೆಯ ವಿಲಾಯಿತಿ ಸ್ಪೋರ್ಟ್ಸ್ ಕಾರು ತಂದರು. ಕೆಂಪು ಬಣ್ಣ, ಎರಡೇ ಸೀಟು, ನೆಲಕ್ಕೆ ಅಂಟಿಕೊಂಡಂತಹ ಎತ್ತರ. ಮಾವನವರು ಪಂಚೆ ಎತ್ತಿ ಕಟ್ಟಿ ಅದರೊಳಗೆ ಕೂರುವುದು ಬಾವಿಗಿಳಿದಂತೆ ಕಾಣುತ್ತಿತ್ತು. ಇಷ್ಟು ಚಿಕ್ಕ ಕಾರು ಯಾಕೆ ಎಂದರೆ, "ಮೂರನೆಯವ್ನು ಹತ್ತಕ್ಕಾಗಲ್ಲ, ಅದಕ್ಕೇ" ಎನ್ನುತ್ತಿದ್ದರು.

ಆ ಕಾರನ್ನು ಅವರು ಬೇರೆಯವರ ಕೈಗೆ ಕೊಟ್ಟದ್ದು ಒಂದೇ ಸಲ. ಟಿ. ನರಸೀಪುರದಲ್ಲಿ ನಮ್ಮ ಅತ್ತೆಯ ತಮ್ಮ ಇದ್ದಾರೆ. ಅವರ ಮಗಳ ಮದುವೆಯ ಮೆರವಣಿಗೆಗೆ ಕಾರು ಕೊಡಲೇಬೇಕೆಂದು ಅತ್ತೆ ಹಟ ಹಿಡಿದರು. ಕಾರು ಹೋಯಿತು, ಬಂತು, ಶೆಡ್ಡು ಸೇರಿತು. ಮಳೆಗಾಲ ಮುಗಿದ ಮೇಲೆ ಮಾವನವರು ಕೀಲಿ ತಿರುಗಿಸಿದರೆ ಎಂಜಿನ್ ಮಿಸುಕಲಿಲ್ಲ. ಒಳಗೆಲ್ಲ ಕಚ್ಚಿಕೊಂಡು ಜಾಮ್ ಆಗಿತ್ತು.

"ಆಯಿಲ್ ಇಲ್ದಂಗೆ ಓಡ್ಸವ್ನೆ ನಿನ್ ತಮ್ಮ" ಎಂದರು ಮಾವ.

"ಎತ್ತಿನ ಗಾಡಿ ಥರ ಮೆಲ್ಲಗೆ ಓಡ್ಸಿದೀನಿ ಭಾವ" ಎಂದರು ಸುದ್ದಿ ತಿಳಿದು ಬಂದ ತಮ್ಮ.

"ಕಳ್ಳನೂ ಇದೇ ಥರ ಮೆತ್ತಗೇ ಮಾತಾಡೋದು."

ಅಲ್ಲಿಗೆ ಎರಡು ಮನೆಗಳ ನಡುವೆ ಮಾತು ನಿಂತಿತು. ತಮ್ಮನ ಮೊಮ್ಮಗುವಿನ ನಾಮಕರಣಕ್ಕೂ ಅತ್ತೆ ಹೋಗಲಿಲ್ಲ. ನರಸೀಪುರದ ಬಸ್ಸು ಎದುರಾದರೆ ಮಾವನವರು ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದರು.

ಕೆಲವು ವರ್ಷಗಳು ಹೀಗೇ ಕಳೆದವು. ಒಂದು ದಿನ ಮಾವನವರು ಘೋಷಿಸಿದರು: "ಎಂಜಿನ್ ಇಳಿಸಿ ಬಿಚ್ಚಿಸ್ತೀನಿ ಅಳಿಯಂದಿರೇ. ಸಾಕ್ಷಿ ಒಳಗೇ ಅದೆ."

ಮೆಕ್ಯಾನಿಕ್ ಯಾರು? ನಂಜನಗೂಡಿನವರು ಬೇಡ, ಎಲ್ಲ ಒಳಗೊಳಗೇ ಒಂದು. ನರಸೀಪುರದವರು ಬೇಡವೇ ಬೇಡ, ಬಾಮೈದನ ಕಡೆಯವರು. ಕೊನೆಗೆ ಬನ್ನೂರಿನಿಂದ ರಫೀಕ್ ಎಂಬ ಹಿರಿಯ ಮೆಕ್ಯಾನಿಕ್ ಬಂದ. ಬನ್ನೂರು ಇರುವುದು ನರಸೀಪುರ ತಾಲ್ಲೂಕಿನಲ್ಲೇ ಎಂದು ನಾನು ಬಾಯಿ ಬಿಡಲಿಲ್ಲ.

ಅಂಗಳದಲ್ಲಿ ಮೂರು ಮರದ ಕಂಬಗಳನ್ನು ತುದಿ ಕೂಡಿಸಿ ಕಟ್ಟಿ, ಅಕ್ಕಿ ಗಿರಣಿಯಿಂದ ತಂದ ಚೈನು-ರಾಟೆಯನ್ನು ತೂಗಿಬಿಟ್ಟರು. ರಫೀಕ್ ರೇಡಿಯೇಟರ್ ತೆಗೆದ, ಪೈಪು, ವೈರುಗಳನ್ನು ಕಳಚಿದ. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡ ಮಾವನವರು ಕಳಚಿದ ಒಂದೊಂದು ಬೋಲ್ಟಿಗೂ ನನ್ನ ಹೆಂಡತಿಯ ನೈಲ್ ಪಾಲಿಶ್ ಹಚ್ಚತೊಡಗಿದರು.

"ಬಣ್ಣ ಯಾಕೆ ಸಾ?"

"ಗುರುತಿಗೆ. ಅದಲು ಬದಲು ಆಗ್ಬಾರ್ದಲ್ಲ."

"ನನ್ ಕೈಗೂ ಒಸಿ ಹಚ್ಬುಡಿ ಸಾ. ಓಗ್ವಾಗ ಇದೇ ಕೈನಾ ಅಂತ ನೋಡ್ಕೊಂಡು ಕಳಿಸ್ಬೋದು."

ಮಾವನವರು ನಗಲಿಲ್ಲ. ಈ ಮಾತಿನಲ್ಲೂ ಏನೋ ಇದೆ ಎಂಬಂತೆ ಅವನನ್ನೇ ನೋಡಿದರು.

ಚೈನು ಎಳೆದೆವು. ಎಂಜಿನ್ ಮೇಲೇರಿತು, ಜೊತೆಗೆ ಕಾರಿನ ಮೂತಿಯೂ ಏರಿತು. "ನೋಡಿದ್ರಾ, ಬಿಡ್ತಿಲ್ಲ. ಏನೋ ಮಾಡವ್ನೆ ಅವ್ನು" ಎಂದರು ಮಾವ. ರಫೀಕ್ ಕೆಳಗೆ ತೂರಿ ನೋಡಿದ. ಒಂದು ಬೋಲ್ಟ್ ಉಳಿದಿತ್ತು. ಅದಕ್ಕೆ ಬೇಕಾದ ಸ್ಪ್ಯಾನರ್ ಮಾತ್ರ ಎಲ್ಲೂ ಸಿಗದು. ಯಾರು ಕದ್ದರು ಎಂಬ ವಿಚಾರಣೆ ನಡೆಸುತ್ತಾ ಮಾವನವರು ಎದ್ದು ನಿಂತಾಗ ಅದು ಅವರದೇ ಜೇಬಿನಿಂದ ಬಿತ್ತು. ಜೋಪಾನವಾಗಿರಲಿ ಎಂದು ಎತ್ತಿಟ್ಟುಕೊಂಡಿದ್ದರಂತೆ.

ಅಂತೂ ಎಂಜಿನ್ ಹೊರಬಂದು ಗೋಣಿಚೀಲದ ಮೇಲೆ ಕೂತಿತು. ರಫೀಕ್ ಅದರ ಮೇಲ್ಭಾಗ ಬಿಚ್ಚಿದ. ಒಳಗೆಲ್ಲ ಕೆಂಪು ತುಕ್ಕು.

"ಒಳಕ್ಕೆ ನೀರು ಓಗ್ಬುಟ್ಟದೆ ಸಾ."

"ನೀರು ಹಾಕವ್ನೆ ಅನ್ನು."

ಒಂದು ಸಿಲಿಂಡರಿನಲ್ಲಿ ಬಟ್ಟೆಯ ಉಂಡೆ ಸಿಕ್ಕಿತು. ರಫೀಕ್ ಇಕ್ಕಳದಲ್ಲಿ ಎಳೆದ. ಮಾವನವರ ಮುಖ ಬೆಳಗಿತು. "ಬಟ್ಟೆ ಬೇರೆ ತುರುಕವ್ನೆ. ಈಗೇನಂತಾನೆ ಕೇಳಿ."

ಅತ್ತೆ ಆ ಉಂಡೆಯನ್ನು ನಲ್ಲಿಯ ಕೆಳಗೆ ಹಿಡಿದು ಹಿಂಡಿದರು. ತುಕ್ಕು ಇಳಿದಂತೆ ನೀಲಿ ಚೌಕಳಿ ಮೂಡಿತು.

"ಇದು ನಿಮ್ಮ ಲುಂಗಿ ಕಣ್ರೀ."

ಮಾವನವರು ಆ ಬಟ್ಟೆಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. ಆಮೇಲೆ ಅವರೇ ಹೇಳಿದರು. ಮದುವೆಯಿಂದ ಕಾರು ಬಂದ ಮೇಲೆ, ಇನ್ನು ಯಾರೂ ಕೇಳಿಕೊಂಡು ಬಂದು ಓಡಿಸಬಾರದೆಂದು ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ಬೀರುವಿನಲ್ಲಿಟ್ಟಿದ್ದರು. ಆ ತೂತುಗಳಿಗೆ ಹಳೆಯ ಲುಂಗಿ ಹರಿದು ತುರುಕಿದ್ದರು. ಮಳೆಗಾಲದಲ್ಲಿ ಶೆಡ್ಡು ಸೋರಿ, ನೀರು ಆ ಬಟ್ಟೆಯ ಮೂಲಕ ಎಂಜಿನ್ನಿನೊಳಗೆ ಇಳಿದಿತ್ತು. ಮತ್ತೆ ಪ್ಲಗ್ ಹಾಕುವಾಗ ಒಂದು ತುಂಡು ಕಾಣದಿದ್ದದ್ದಕ್ಕೆ ಇಲಿ ಒಯ್ದಿರಬೇಕೆಂದು ಇಲಿಯ ಮೇಲೆ ಅನುಮಾನಪಟ್ಟಿದ್ದರು.

"ಅಳೇ ಎಂಜಿನ್ನು ಸಾ, ಎಂಗಿದ್ರೂ ಕೆಟ್ಟೋಯ್ತಿತ್ತು" ಎಂದ ರಫೀಕ್.

"ಸುಮ್ನಿರಯ್ಯಾ. ನಾನೇ ಮಾಡಿದ್ದು."

ಇನ್ನು ಬೈಸಿಕೊಳ್ಳುವ ಸರದಿ ಶೆಡ್ಡಿಗೆ ಹೆಂಚು ಹೊದಿಸಿದವನದು ಎಂದುಕೊಂಡಿದ್ದೆ. ಆದರೆ ಮಾವನವರು ಸ್ನಾನ ಮಾಡಿ, ಬಿಳಿ ಅಂಗಿ ತೊಟ್ಟು ಬಂದರು. "ಸೀರೆ ಬದಲಾಯಿಸ್ಕೋ. ನರಸೀಪುರಕ್ಕೆ ಹೋಗ್ಬರಾನ."

"ಯಾಕೆ?" ಈಗ ಅನುಮಾನ ಅತ್ತೆಯದು.

"ಹೇಳಕ್ಕೆ."

ಜಗಳವಾದರೆ ಬಿಡಿಸಲು ಇರಲೆಂದು ನಾನೂ ಬಸ್ಸು ಹತ್ತಿದೆ.

ಮಾವನವರ ಬಾಮೈದ ಜಗಲಿಯ ಮೇಲೆ ಕೂತಿದ್ದರು. ನಮ್ಮನ್ನು ನೋಡಿ ಎದ್ದರು, ಬನ್ನಿ ಎನ್ನಲಿಲ್ಲ. "ಏನ್ ಭಾವ, ಪಂಚಾಯ್ತಿಗಾ?"

ಮಾವನವರು ಚಪ್ಪಲಿಯನ್ನೂ ಬಿಡದೆ ಬೀದಿಯಲ್ಲೇ ನಿಂತು ಹೇಳಿದರು. "ಎಂಜಿನ್ ಬಿಚ್ಚಿಸ್ದೆ ಕಣಪ್ಪ. ನಿಂದೇನೂ ತಪ್ಪಿಲ್ಲ. ಕೆಡಿಸಿದ್ದು ನಾನು."

ಇದು ನಾಟಕವೇ ಎಂದು ಬಾಮೈದ ನನ್ನ ಮುಖ ನೋಡಿದರು. ನಾನು ಅಲ್ಲವೆಂದು ತಲೆಯಾಡಿಸಿದೆ.

"ಎಂಜಿನ್ ಈಗ ಎಲ್ಲದೆ?"

"ಅಂಗಳದಲ್ಲಿ."

"ಕಾಯಕ್ಕೆ ಯಾರವ್ರೆ?"

"ಮೆಕ್ಯಾನಿಕ್ ಒಬ್ನೇ ಅವ್ನೆ. ಮನೆ ಬೀಗದ ಕೈನೂ ಅವನ್ ಕೈಲೇ ಕೊಟ್ಟು ಬಂದೆ."

ಬಾಮೈದ ಮೆಟ್ಟಿಲಿಳಿದು ಬಂದು, ಭಾವನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು.

ಅತ್ತೆ ಬೀದಿಯಲ್ಲೇ ಉಳಿದರು. "ನೋಡಿದ್ರಾ, ನನ್ ತೌರ್ಮನೆಗೆ ನನ್ನನ್ನೇ ಯಾರೂ ಕರೀಲಿಲ್ಲ" ಎಂದು ನನ್ನ ಕಡೆ ತಿರುಗಿ ನಕ್ಕರು. ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ತಾವೇ ಒಳಗೆ ಹೋದರು.