ಆಲ್ಕೊಳದಲ್ಲೊಂದು ದ್ವಾರಕೆ

ನನಗೊಂದು ದುರಭ್ಯಾಸವಿದೆ. ಬೀದಿಯಲ್ಲಿ ನಡೆಯುವಾಗ ನೆಲ ನೋಡುವುದಿಲ್ಲ, ಗೇಟು ನೋಡುತ್ತೇನೆ. ಮನೆಗಳ ಹೆಸರು ಓದುವ ಚಟ. ಈ ಚಟದ ದೆಸೆಯಿಂದ ಶಿವಮೊಗ್ಗದ ಹಲವು ಚರಂಡಿಗಳ ಆಳ ನನ್ನ ಕಾಲಿಗೆ ಚೆನ್ನಾಗಿ ಗೊತ್ತು. ಆದರೂ ಬಿಡಲಾಗಿಲ್ಲ. ಮನೆಯೊಳಗೆ ಇರುವವರು ಎಂಥವರು ಎಂದು ಹೆಸರಿನಿಂದ ತಿಳಿಯದೇ ಇರಬಹುದು, ಆದರೆ ಅವರು ತಮ್ಮನ್ನು ಏನೆಂದುಕೊಂಡಿದ್ದಾರೆ ಎಂಬುದು ಮಾತ್ರ ತಿಳಿದೇ ತಿಳಿಯುತ್ತದೆ. ನಲ್ಲಿಯಲ್ಲಿ ನೀರು ಬಂದ ದಿನ ಹಬ್ಬ ಮಾಡುವಂಥ ಬೀದಿಯಲ್ಲಿ ‘ಗಂಗೋತ್ರಿ’ ಎಂಬ ಮನೆ ನೋಡಿದ್ದೇನೆ. ಹೊಸಮನೆ ಬಡಾವಣೆಯಲ್ಲಿ ಒಬ್ಬರು ತಮ್ಮ ಮನೆತನದ ಹೆಸರೆಂದು ಗೇಟಿನ ಮೇಲೆ ದೊಡ್ಡದಾಗಿ ‘ಹಳೆಮನೆ’ ಎಂದು ಬರೆಸಿದ್ದರು. ಅವರ ವಿಳಾಸ ಬರೆದರೆ ‘ಹಳೆಮನೆ, ಹೊಸಮನೆ, ಶಿವಮೊಗ್ಗ’ ಎಂದಾಗುತ್ತಿತ್ತು. ಹೊಸದಾಗಿ ಬಂದ ಪೋಸ್ಟ್‌ಮ್ಯಾನ್ ಒಬ್ಬರು ಅವರ ಕಾಗದ ಕೈಯಲ್ಲಿ ಹಿಡಿದು, “ಇವರು ಮನೆ ಬದಲಾಯಿಸಿದ್ದಾರೋ ಇಲ್ವೋ, ಅಷ್ಟು ಹೇಳಿ ಸಾಕು” ಎಂದು ಪಕ್ಕದವರನ್ನು ಬೇಡಿಕೊಳ್ಳುತ್ತಿದ್ದುದನ್ನು ನಾನೇ ಕಂಡಿದ್ದೇನೆ.

ಹೀಗೆ ಊರವರ ಗೇಟು ಓದಿ ನಗುತ್ತಿದ್ದ ನನಗೂ ತೊಂಬತ್ತರ ದಶಕದ ಕೊನೆಯಲ್ಲಿ ಸ್ವಂತದ್ದೊಂದು ಗೇಟು ಬಂತು. ಆಲ್ಕೊಳ ಸರ್ಕಲ್ಲಿನಿಂದ ಸ್ವಲ್ಪ ಒಳಗೆ, ಸಣ್ಣ ತಾರಸಿ ಮನೆ. ಹೆಸರಿನ ವಿಚಾರದಲ್ಲಿ ನನ್ನ ತಲೆಯಲ್ಲಿ ಒಂದು ದೊಡ್ಡ ಪಟ್ಟಿಯೇ ಇತ್ತು. ನನ್ನ ಹೆಂಡತಿ ವಸುಧಾಳ ಪಟ್ಟಿಯಲ್ಲಿ ಒಂದೇ ಹೆಸರಿತ್ತು, ‘ವಸುಧಾ’. ಆದರೆ ಅಮ್ಮ ಹೂಬತ್ತಿ ಹೊಸೆಯುತ್ತಾ, ತಲೆ ಎತ್ತದೆ, “ದ್ವಾರಕಾ ಅಂತ ಬರೆಸು” ಎಂದರು. ಅಷ್ಟೇ. ಅಮ್ಮ ಬೇಕು ಎಂದು ಕೇಳುವುದೇ ಅಪರೂಪ. ಕೇಳಿದ ಮೇಲೆ ಚರ್ಚೆಯಿಲ್ಲ. ಭದ್ರಾವತಿಯಲ್ಲಿ ಕಲ್ಲಿನ ಮೇಲೆ ಅಕ್ಷರ ಕೆತ್ತುವ ಮುರುಗೇಶನ್ ಎಂಬವರಿಗೆ ಹೇಳಿ, ಕರಿಕಲ್ಲಿನ ಮೇಲೆ ‘ದ್ವಾರಕಾ’ ಎಂದು ಕೆತ್ತಿಸಿದೆ. ಬರುವ ದಾರಿಯಲ್ಲಿ ಅದನ್ನು ಚಿಕ್ಕಪ್ಪನಿಗೆ ತೋರಿಸಿಯೇ ಹೋಗೋಣ ಎನ್ನಿಸಿತು. ಎಲ್ಲ ಕೆಟ್ಟಿದ್ದು ಅಲ್ಲೇ.

ರಾಘು ಚಿಕ್ಕಪ್ಪ ಅಪ್ಪನ ತಮ್ಮ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಬೆಂಕಿಯ ಮುಂದೆ ಕೆಲಸ ಮಾಡಿ ನಿವೃತ್ತರಾಗಿ, ಆ ಬೆಂಕಿಯಲ್ಲಿ ಒಂದಿಷ್ಟನ್ನು ಮಾತಿನಲ್ಲಿ ಉಳಿಸಿಕೊಂಡವರು. ಅಮ್ಮ ಮದುವೆಯಾಗಿ ಬಂದಾಗ ಅವರಿನ್ನೂ ಚಡ್ಡಿ ಹಾಕುವ ವಯಸ್ಸಿನವರು. ಅತ್ತಿಗೆಯ ಕೈಯ ಊಟದಲ್ಲೇ ಬೆಳೆದವರು. ಅಪ್ಪ ತೀರಿಕೊಂಡ ಮೇಲೆ ನಮಗೆ ಹಿರಿಯರೆಂದರೆ ಅವರೇ. ಗೃಹಪ್ರವೇಶದ ದಿನ ಹೊಸ್ತಿಲು ದಾಟಿ ಮೊದಲು ಬಲಗಾಲಿಡುವವರು ರಾಘು ಮತ್ತು ಸುಮಿತ್ರಾ ಚಿಕ್ಕಮ್ಮ ಎಂದು ಪಾಯ ತೋಡುವ ಮೊದಲೇ ಅಮ್ಮ ತೀರ್ಮಾನಿಸಿದ್ದರು.

ಚಿಕ್ಕಪ್ಪ ಕಲ್ಲು ನೋಡಿದರು. ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿದರು.

“ಏನೋ ಇದು? ಪ್ರಪಂಚದಲ್ಲಿ ಬೇರೆ ಊರಿರಲಿಲ್ವಾ? ಸಮುದ್ರದಲ್ಲಿ ಮುಳುಗಿಹೋದ ಊರಿನ ಹೆಸರನ್ನ ಯಾರಾದ್ರೂ ಹೊಸ ಮನೆಗೆ ಇಡ್ತಾರೇನೋ? ನಾಳೆ ಹಡಗು ಕಟ್ಟಿದ್ರೆ ಅದಕ್ಕೆ ‘ತೂತು’ ಅಂತ ಹೆಸರಿಡ್ತೀಯಾ?”

“ಅಮ್ಮ ಹೇಳಿದ್ದು, ಚಿಕ್ಕಪ್ಪ.”

“ಅತ್ತಿಗೆ ಹೇಳ್ತಾರೆ. ನೀನು ಓದಿದೋನು, ನಿನಗೆ ಬುದ್ಧಿ ಬೇಡ್ವಾ? ಈ ಕಲ್ಲು ಕೂತ ಗೇಟನ್ನ ನಾನಂತೂ ದಾಟಲ್ಲ.”

ಮನೆಗೆ ಬಂದು ಹೇಳಿದೆ. ಅಮ್ಮ, “ಬರದಿದ್ರೆ ಬೇಡ. ಹೋಳಿಗೆ ಮಿಗುತ್ತೆ” ಎಂದರು. ಆದರೆ ಆ ಸಂಜೆ ಅವರು ಮಾಡಿಕೊಂಡ ಕಾಫಿ ಕೆನೆಗಟ್ಟಿ ಲೋಟದಲ್ಲೇ ಉಳಿಯಿತು. ಅದನ್ನು ನೋಡಿ ನನಗೆ ಹೆದರಿಕೆಯಾಯಿತು. ಅಮ್ಮ ಹೆಸರು ಬಿಡುವವರಲ್ಲ, ಚಿಕ್ಕಪ್ಪ ಹಟ ಬಿಡುವವರಲ್ಲ. ನಡುವೆ ನಾನು, ಕಲ್ಲು ಹೊತ್ತುಕೊಂಡು.

ಪುರಾಣದ ಜಗಳವನ್ನು ಪುರಾಣದಿಂದಲೇ ಬಿಡಿಸಬೇಕು ಎಂದುಕೊಂಡು ನಾನು ದ್ವಾರಕೆಯ ಬೆನ್ನು ಹತ್ತಿದೆ. ಮೊದಲು ಇದೊಂದು ಉಪಾಯ ಮಾತ್ರ ಆಗಿತ್ತು. ಆಮೇಲೆ ನಿಜವಾದ ಕುತೂಹಲವೇ ಹತ್ತಿಕೊಂಡಿತು. ಕಚೇರಿಯಲ್ಲಿ ಕಡತ ತೆರೆದಿಟ್ಟುಕೊಂಡು ಯಾದವರ ಬಗ್ಗೆ ಯೋಚಿಸುತ್ತಿದ್ದೆ. ಗುಜರಾತಿನ ಕಡಲಲ್ಲಿ ಮುಳುಗು ಹಾಕಿದವರಿಗೆ ಕಲ್ಲಿನ ಲಂಗರುಗಳು ಸಿಕ್ಕಿವೆ ಎಂದು ಪತ್ರಿಕೆಯಲ್ಲಿ ಓದಿ, ಆ ಲಂಗರು ನಮ್ಮ ಮನೆಯದೇ ಎಂಬಂತೆ ಎಲ್ಲರಿಗೂ ತೋರಿಸಿದೆ.

ನನಗೆ ಸಿಕ್ಕಿದ ಮೊದಲ ಅಸ್ತ್ರ ಚಿಕ್ಕಪ್ಪನ ಹಣೆಯ ಮೇಲೆಯೇ ಇತ್ತು. ಅವರು ದಿನಾ ಸ್ನಾನ ಮಾಡಿ ಗೋಪಿಚಂದನದ ನಾಮ ಇಡುವವರು. ಗೋಪಿಚಂದನವೆಂದರೆ ದ್ವಾರಕೆಯ ಸೀಮೆಯ ಮಣ್ಣು. ಉಡುಪಿಯ ಕೃಷ್ಣ ಕೂಡ ಅಂಥ ಮಣ್ಣಿನ ಹೆಂಟೆಯೊಳಗೆ ಅಡಗಿ, ಹಡಗಿನಲ್ಲಿ ಕೂತು, ಈ ಕಡೆ ಕರಾವಳಿಗೆ ಬಂದವನು. ಊರು ಮುಳುಗಿದ್ದರೂ ಅದರ ಮಣ್ಣು ಇಂದಿಗೂ ನಮ್ಮ ಗಾಂಧಿ ಬಜಾರಿನ ಪೂಜಾಸಾಮಗ್ರಿ ಅಂಗಡಿಯಲ್ಲಿ ಸಿಗುತ್ತದೆ. ಎಂಥ ಸೋಜಿಗ! ಭದ್ರಾವತಿಗೆ ಸ್ಕೂಟರ್ ಓಡಿಸಿಕೊಂಡು ಹೋಗಿ, “ಚಿಕ್ಕಪ್ಪ, ನಿಮ್ಮ ಹಣೆ ಮೇಲಿರೋದು ಎಲ್ಲಿಯ ಮಣ್ಣು?” ಎಂದು ಕೇಳಿದೆ.

ಅವರು ಒಂದು ಕ್ಷಣವೂ ತಡವರಿಸಲಿಲ್ಲ. “ಹಣೆ ಬೇರೆ, ಗೇಟು ಬೇರೆ” ಎಂದರು.

ಎರಡನೆಯ ಸಲ ಭದ್ರಾವತಿಯ ಲಕ್ಷ್ಮೀನರಸಿಂಹ ದೇವಸ್ಥಾನದ ಜಗಲಿಯಲ್ಲಿ ಶೇಷಗಿರಿ ಮೇಷ್ಟ್ರು ಸಿಕ್ಕಿದರು. ಇತಿಹಾಸ ಪಾಠ ಮಾಡಿ ನಿವೃತ್ತರಾದವರು, ಕೇಳುವ ಕಿವಿ ಸಿಕ್ಕರೆ ಬಿಡುವವರಲ್ಲ. ನನ್ನ ಕಲ್ಲಿನ ಕಥೆ ಕೇಳಿದ್ದೇ ಶುರು ಮಾಡಿದರು. “ಈ ದೇವಸ್ಥಾನ ಹೊಯ್ಸಳರ ಕಾಲದ್ದು ಗೊತ್ತಲ್ಲ? ಆ ಹೊಯ್ಸಳರು ಶಾಸನದಲ್ಲಿ ತಮ್ಮನ್ನ ಏನಂತ ಕರೆದುಕೊಂಡಿದ್ದಾರೆ ಹೇಳಿ. ದ್ವಾರಾವತೀಪುರವರಾಧೀಶ್ವರ! ದ್ವಾರಕೆಗೆ ಒಡೆಯ ಅಂತ. ಯಾದವರ ಕುಲದವರು ನಾವು ಅಂತ ಅವರ ಹೆಮ್ಮೆ.”

“ಅವರೇನು ಗುಜರಾತಿಗೆ ಹೋಗಿದ್ರಾ ಸಾರ್?”

“ಯಾಕೆ ಹೋಗಬೇಕು? ನೀವು ಹೋಗಿದ್ದೀರಾ? ಗೇಟಿನ ಮೇಲೆ ಬರೆಸಿಲ್ವಾ?”

ನನಗೆ ರೋಮಾಂಚನವಾಯಿತು. ಹಾಗಾದರೆ ನಾನು ಒಬ್ಬಂಟಿಯಲ್ಲ. ಒಂದಿಡೀ ರಾಜವಂಶ ನೋಡದ ಊರಿನ ಹೆಸರನ್ನು ತನ್ನ ಗೇಟಿಗೆ ಹಾಕಿಕೊಂಡು, ಅದರ ಬಲದ ಮೇಲೆ ಇಷ್ಟು ಚೆಂದದ ಗುಡಿಗಳನ್ನು ಕಟ್ಟಿಸಿದೆ. ನೇರವಾಗಿ ಚಿಕ್ಕಪ್ಪನ ಮನೆಗೆ ಹೋಗಿ, ನಿಂತ ನಿಲುವಿನಲ್ಲೇ ಬಿರುದನ್ನು ಒದರಿದೆ. ಚಿಕ್ಕಪ್ಪ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದರು.

“ಆ ದ್ವಾರಾವತಿಯ ಒಡೆಯರ ರಾಜಧಾನಿಗೆ ಈಗ ಏನಂತಾರೆ?”

ನಾನು ಚಪ್ಪಲಿ ಬಿಡಲು ಬಾಗಿದೆ.

“ಹೇಳು ಹೇಳು.”

“ಹಳೇಬೀಡು” ಎಂದೆ.

“ಗೊತ್ತಾಯ್ತಲ್ಲ? ಹಾಳಾದ ಬೀಡು! ಸುಮಿತ್ರಾ, ಇವನಿಗೆ ಕಾಫಿ ಕೊಡೇ, ಪಾಪ ದೂರದಿಂದ ಬಂದಿದ್ದಾನೆ.”

ಬುದ್ಧಿಯಿದ್ದವರು ಇಲ್ಲಿಗೆ ನಿಲ್ಲಿಸುತ್ತಿದ್ದರು. ನಾನು ದುರ್ಗಿಗುಡಿಯಲ್ಲಿ ಬಾಗಿಲ ಚಿಲಕ ಕೊಳ್ಳಲು ಹೋದಾಗ ಹಾರ್ಡ್‌ವೇರ್ ಅಂಗಡಿಯ ಪಾರಸ್‌ಮಲ್ ಸೇಟು ಅವರ ಮುಂದೆಯೂ ಇದನ್ನೇ ತೆಗೆದೆ. ಸೇಟು ಜೈನರು, ಶಿವಮೊಗ್ಗದಲ್ಲೇ ಹುಟ್ಟಿದವರು. ಅವರ ಮುಖ ಅರಳಿತು. “ದ್ವಾರಕಾ! ನಮ್ಮ ನೇಮಿನಾಥ ಭಗವಾನರ ಊರು ಸಾರ್. ಕೃಷ್ಣನಿಗೆ ದಾಯಾದಿ ತಮ್ಮ ಅವರು. ಮದುವೆ ದಿಬ್ಬಣದಲ್ಲಿ ಹೋಗ್ತಾ ಇದ್ರು. ಊಟಕ್ಕೆ ಅಂತ ಕೂಡಿಹಾಕಿದ ಪ್ರಾಣಿಗಳ ಕೂಗು ಕೇಳಿ, ಮದುವೇನೇ ಬೇಡ ಅಂತ ತಿರುಗಿ ಕಾಡಿಗೆ ಹೋದರು.” ನನಗೆ ಗೊತ್ತೇ ಇರಲಿಲ್ಲ. ಒಂದೇ ಊರು, ಅದರಲ್ಲಿ ಇನ್ನೊಂದು ಬಾಗಿಲಿನಿಂದ ಇನ್ನೊಂದು ಕಥೆ! ಆಸೆಯಿಂದ ಕೇಳಿದೆ, “ನಿಮ್ಮ ಕಥೆಯಲ್ಲಿ ದ್ವಾರಕೆ ಸಮುದ್ರದಲ್ಲಿ ಮುಳುಗೋದಿಲ್ಲ ಅಲ್ವಾ ಸೇಟು?”

“ಅಯ್ಯೋ, ನೀರಿನದ್ದು ಬಿಡಿ ಸಾರ್. ನಮ್ಮಲ್ಲಿ ಮೊದಲು ಸುಟ್ಟು ಹೋಗುತ್ತೆ. ಒಬ್ಬ ಮುನಿಗೆ ಕೋಪ ಬಂದು, ಪೂರಾ ಊರು ಭಸ್ಮ.” ಹೀಗೆ ಹೇಳಿ ಚಿಲಕ ಕಾಗದದಲ್ಲಿ ಸುತ್ತಿ ಕೊಟ್ಟರು.

ಇದನ್ನು ಚಿಕ್ಕಪ್ಪನಿಗೆ ಹೇಳಬಾರದೆಂದು ವಸುಧಾ ಆಣೆ ಹಾಕಿಸಿದಳು. ಆದರೆ ಹೊಸದೇನಾದರೂ ತಿಳಿದರೆ ನನ್ನ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಫೋನಿನಲ್ಲಿ ಬೇರೇನೋ ಮಾತಾಡುತ್ತಾ ಅದು ಬಾಯಿಂದ ಜಾರಿತು. ಆ ಕಡೆಯಿಂದ ಬಂದ ನಗುವನ್ನು ಕೇಳಲು ಫೋನೇ ಬೇಕಿರಲಿಲ್ಲ. “ನೀರೂ ಆಯ್ತು, ಬೆಂಕೀನೂ ಆಯ್ತು! ಇನ್ನೊಂದು ಸ್ವಲ್ಪ ವಿಚಾರಿಸು ಮಾರಾಯ, ಗಾಳೀನೂ ಸಿಗಬಹುದು.”

ಸಿಕ್ಕಿತು. ನಮ್ಮ ಹೊಸ ಮನೆಯ ಪಕ್ಕದವರು ರಜಾಕ್ ಸಾಹೇಬರು, ಲಾರಿ ರಿಪೇರಿಯ ಗ್ಯಾರೇಜ್ ಇಟ್ಟವರು. ಕಾಂಪೌಂಡಿನ ಮೇಲೆ ಕೈಯಿಟ್ಟು ನನ್ನ ಗೋಳು ಕೇಳಿದ ಅವರು, “ನಮ್ಮಲ್ಲೂ ಇದೆ ಸಾರ್ ಅಂಥದ್ದು. ಇರಮ್ ಅಂತ ದೊಡ್ಡ ಶಹರ. ಎತ್ತರೆತ್ತರ ಕಂಬಗಳು. ಜನಕ್ಕೆ ಸೊಕ್ಕು ಬಂತು, ಬಿರುಗಾಳಿ ಬಂದು ಎಲ್ಲಾ ಖತಂ” ಎಂದರು. ಅಷ್ಟರಲ್ಲಿ ಒಳಗಿನಿಂದ ಅವರ ಹೆಂಡತಿ ಮೊಮ್ಮಗಳನ್ನು ಕೂಗಿದರು. “ಇರಮ್! ಓ ಇರಮ್!”

ನಾನು ಸಾಹೇಬರ ಮುಖ ನೋಡಿದೆ. ಅವರು ಗಡ್ಡ ಕೆರೆದುಕೊಂಡು ನಕ್ಕರು. “ಹೆಸರು ಚೆನ್ನಾಗಿದೆ ಅಲ್ವಾ ಸಾರ್? ಕೇಳೋಕೆ ಖುಷಿ. ಊರು ಹೋಯ್ತು ಅಂತ ಹೆಸರು ಯಾಕೆ ಬಿಡಬೇಕು?”

ಈ ಮಾತು ನನಗೆ ಎಷ್ಟು ಹಿಡಿಸಿತೆಂದರೆ, ಇದನ್ನಾದರೂ ಚಿಕ್ಕಪ್ಪನಿಗೆ ಹೇಳಬೇಕಿತ್ತು. ಆದರೆ ವಸುಧಾ ಫೋನಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದಳು.

ಗೃಹಪ್ರವೇಶದ ಹಿಂದಿನ ದಿನ ಬಂತು. ಚಿಕ್ಕಪ್ಪ ಬರುವ ಸೂಚನೆಯಿರಲಿಲ್ಲ. ಹೂರಣ ರುಬ್ಬಿಸಲು ಸುಮಿತ್ರಾ ಚಿಕ್ಕಮ್ಮನನ್ನಾದರೂ ಕಳಿಸು ಎಂದು ಅಮ್ಮ ಹೇಳಿ ಕಳಿಸಿದ್ದರು. ನಾನು ಬೆಳಿಗ್ಗೆ ಹೊಸ ಮನೆಗೆ ಹೋಗಿ, ಅಡುಗೆಯವರಿಗೆ ಬೇಕಾದ ಅಕ್ಕಿ, ಸಕ್ಕರೆ, ಬೇಳೆ ಇಳಿಸಿ, ಬಾಡಿಗೆಗೆ ತಂದ ಜಮಖಾನೆ ಹಾಸಿ, ನಲ್ಲಿಗಳನ್ನೆಲ್ಲ ತಿರುಗಿಸಿ ಪರೀಕ್ಷೆ ಮಾಡಿದೆ. ಒಂದರಲ್ಲೂ ನೀರಿರಲಿಲ್ಲ. ಬೀಗ ಹಾಕಿಕೊಂಡು ಬಂದೆ. ತಿರುಗಿಸಿದ ನಲ್ಲಿಗಳನ್ನು ಮತ್ತೆ ತಿರುಗಿಸಿದೆನೇ ಎಂದು ಈಗ ಕೇಳಬೇಡಿ. ಟೈಲ್ಸ್ ಹಾಕಿದವರು ಸಿಮೆಂಟು ಬೀಳದಿರಲೆಂದು ಬಚ್ಚಲ ತೂತಿಗೆ ತುರುಕಿದ್ದ ಚಿಂದಿಯೂ ಹಾಗೆಯೇ ಇತ್ತಂತೆ. ನಾನು ಹೋದ ಮೇಲೆ ಆಲ್ಕೊಳಕ್ಕೆ ಎಂದೂ ಇಲ್ಲದಷ್ಟು ಧಾರಾಳವಾಗಿ ನೀರು ಬಂತು.

ಮಧ್ಯಾಹ್ನ ಅಮ್ಮ, ವಸುಧಾ, ನಾನು ಆಟೋದಿಂದ ಇಳಿದಾಗ, ‘ದ್ವಾರಕಾ’ ಕಲ್ಲು ಕೂರಿಸಿದ್ದ ಗೇಟಿನ ಕೆಳಗಿನಿಂದ ನೀರು ಹರಿದು ರಸ್ತೆಗೆ ಬರುತ್ತಿತ್ತು. ಬಾಗಿಲು ತೆಗೆದರೆ ನಡುಮನೆಯಲ್ಲಿ ಪಾದ ಮುಳುಗುವಷ್ಟು ನೀರು. ಜಮಖಾನೆ ತೇಲಲೂ ಆಗದೆ ಮುಳುಗಲೂ ಆಗದೆ ಮಲಗಿತ್ತು. ಅಮ್ಮ ಸೀರೆ ಎತ್ತಿ ಕಟ್ಟಿದರು. ವಸುಧಾ ನನ್ನ ಕಡೆ ನೋಡಿದಳು. ಆ ನೋಟದ ವಿವರ ಇಲ್ಲಿ ಬೇಡ. ನನಗೆ ಅಳು ಬರುವುದೊಂದು ಬಾಕಿ. ಬೆಳಗಾದರೆ ಜನ ಬರುತ್ತಾರೆ.

ರಜಾಕ್ ಸಾಹೇಬರು ಗ್ಯಾರೇಜಿನಿಂದ ವೈಪರ್, ಬಕೆಟ್ಟು ಹಿಡಿದು ಓಡಿ ಬಂದರು. ಆ ಗದ್ದಲದಲ್ಲೇ ಗೇಟಿನ ಹತ್ತಿರ ಇನ್ನೊಂದು ಆಟೋ ನಿಂತಿತು. ಸುಮಿತ್ರಾ ಚಿಕ್ಕಮ್ಮ ಇಳಿದರು. ಹಿಂದೆಯೇ ಚಿಕ್ಕಪ್ಪ ಇಳಿದು, ಗೇಟಿನ ಹೊರಗೆ ದೂರದಲ್ಲಿ ನಿಂತು, “ನಾನು ಬಂದಿಲ್ಲ. ಇವಳನ್ನ ಬಿಟ್ಟು ಹೋಗೋಕೆ ಬಂದೆ” ಎಂದು ಘೋಷಿಸಿದರು. ಆಗ ಕಾಲಡಿಯ ನೀರು ನೋಡಿದರು. ನೀರು ಎಲ್ಲಿಂದ ಬರುತ್ತಿದೆ ಎಂದು ನೋಡಿದರು. ಅವರ ಮಗನ ಮದುವೆಯಲ್ಲೂ ಅವರ ಮುಖ ಹಾಗೆ ಅರಳಿದ್ದನ್ನು ನಾನು ಕಂಡಿರಲಿಲ್ಲ.

“ಅತ್ತಿಗೇ!” ಎಂದು ಕೂಗುತ್ತಾ, ಪಂಚೆ ಮೇಲೆತ್ತಿ ಕಟ್ಟಿ, ಒಂದೇ ಬಿರುಸಿಗೆ ಗೇಟು ದಾಟಿ, ಹೊಸ್ತಿಲು ದಾಟಿ, ನಡುಮನೆಯ ನೀರಿನ ಮಧ್ಯೆ ನಿಂತುಬಿಟ್ಟರು. “ನಾನು ಹೇಳಿರಲಿಲ್ವಾ? ಅವತ್ತು ಹೇಳಿರಲಿಲ್ವಾ? ಅಲ್ಲಿ ಸಮುದ್ರ ಹೊರಗಿನಿಂದ ಬಂತು, ಇಲ್ಲಿ ಒಳಗಿನಿಂದಾನೇ ಬಂದಿದೆ!”

‘ಚಿಕ್ಕಪ್ಪ, ನೀವು ಗೇಟು…’ ಎಂದು ನಾನು ಬಾಯಿ ತೆರೆದೆ. ಅಮ್ಮ ಕಣ್ಣಲ್ಲೇ ನನ್ನ ಬಾಯಿ ಮುಚ್ಚಿಸಿದರು. ಆಮೇಲೆ ತುಂಬ ಮೆತ್ತಗೆ, “ಹೌದು ರಾಘು, ನೀನು ಹೇಳಿದ್ದೆ. ಆ ಸಕ್ಕರೆ ಮೂಟೆ ಎತ್ತಿಡು, ನೆನೆದು ಹೋಗುತ್ತೆ” ಎಂದರು.

ಚಿಕ್ಕಪ್ಪ ಸಕ್ಕರೆ ಮೂಟೆ ಎತ್ತಿದರು. ಬಚ್ಚಲಿನ ಚಿಂದಿ ಕಿತ್ತರು. ಸಾಹೇಬರೂ ಅವರೂ ಪೈಪೋಟಿಯ ಮೇಲೆ ನೀರು ಎಳೆದು ಹೊರಗೆ ಹಾಕಿದರು. ಸಂಜೆಯ ಹೊತ್ತಿಗೆ ನೆಲ ಒಣಗಿತು. ಹೂರಣದ ವಾಸನೆ ಬರತೊಡಗಿತು. ನಾನು ತಪ್ಪಿತಸ್ಥನ ಧ್ವನಿಯಲ್ಲಿ, “ಚಿಕ್ಕಪ್ಪ, ಆ ಕಲ್ಲು ಬೇಕಾದ್ರೆ ತೆಗೆಸಿಬಿಡ್ತೀನಿ” ಎಂದೆ.

“ಏ, ಬೇಡ ಮಾರಾಯ!” ಎಂದರು ಗಾಬರಿಯಿಂದ. “ಮುಳುಗೋದು ಮುಳುಗಿ ಆಯ್ತಲ್ಲ, ಇನ್ನೇನು ಭಯ? ಕಲ್ಲಿಲ್ಲದಿದ್ರೆ ನಾನು ಹೇಳಿದ್ದನ್ನ ಜನ ಹೇಗೆ ನಂಬ್ತಾರೆ?”

ಮರುದಿನ ಅವರೂ ಚಿಕ್ಕಮ್ಮನೂ ಮುಂದೆ ನಡೆದು ಬಲಗಾಲಿಟ್ಟರು. ಬಂದ ಪ್ರತಿಯೊಬ್ಬರನ್ನೂ ಮೊದಲು ಕಲ್ಲಿನ ಮುಂದೆ ನಿಲ್ಲಿಸಿ ಕಥೆ ಹೇಳಿಯೇ ಒಳಗೆ ಬಿಟ್ಟರು. ಬೆಳಗಿನ ನೆಂಟರಿಗೆ ನೀರು ಪಾದದವರೆಗಿತ್ತು, ಊಟದ ಪಂಕ್ತಿಯವರಿಗೆ ಮೊಣಕಾಲಿನವರೆಗೆ ಬಂದಿತ್ತು. ಕೊನೆಗೆ ಬಂದ ಪಾರಸ್‌ಮಲ್ ಸೇಟುಗಳಿಗೆ ಸಕ್ಕರೆ ಮೂಟೆ ತೇಲುತ್ತಾ ಎದುರಾಯಿತಂತೆ. ಎಲ್ಲ ಆವೃತ್ತಿಗಳಲ್ಲೂ ನಲ್ಲಿ ಮರೆತ ಮಹಾನುಭಾವನಾಗಿ ನಾನೇ ಇದ್ದೆ.

ಇದೆಲ್ಲ ಕಳೆದು ಕೆಲವು ವಾರಗಳಾದ ಮೇಲೆ ಒಂದು ಭಾನುವಾರ, ಅಡುಗೆಮನೆಯಲ್ಲಿ ಅವರೆಕಾಳು ಹಿತುಕುತ್ತಾ ಕೂತಿದ್ದ ಅಮ್ಮನನ್ನು ಸುಮ್ಮನೆ ಕೇಳಿದೆ. “ಅಲ್ಲಮ್ಮ, ನಿನಗೆ ದ್ವಾರಕೆಯೇ ಯಾಕೆ ಬೇಕಾಗಿತ್ತು?”

“ಬಾಡಿಗೆ ಮನೆಗಳು ಸಾಕಾಗಿತ್ತು ಕಣೋ” ಎಂದರು ಅಮ್ಮ. “ಆ ಜರಾಸಂಧ ಮೇಲಿಂದ ಮೇಲೆ ದಂಡು ತಂದು ಮಥುರೆಯ ಜನಾನ ಗೋಳು ಹುಯ್ಕೊಳ್ತಿದ್ದ. ಅವರಿಗೆ ನೆಮ್ಮದಿ ಇಲ್ಲ ಅಂತ ಕೃಷ್ಣ ದೂರದಲ್ಲಿ ಒಂದು ಊರು ಕಟ್ಟಿಸಿ, ಎಲ್ಲರನ್ನೂ ಪಾತ್ರೆಪಡಗದ ಸಮೇತ ಕರ್ಕೊಂಡು ಹೋದ. ನಮ್ಮದೂ ಅದೇ ಅಲ್ವಾ? ದುರ್ಗಿಗುಡಿಯ ವಠಾರದಲ್ಲಿ ನೀನು ಗೋಡೆ ಮೇಲೆ ಗೀಚಿದೆ ಅಂತ ಬಿಡಿಸಿದ್ರು. ಭದ್ರಾವತಿಯಲ್ಲಿ ಮಾಲೀಕರ ಮಗನಿಗೆ ಮದುವೆ ಅಂತ ಬಿಡಿಸಿದ್ರು. ಹೊಸಮನೆಯಲ್ಲಿ ಕಾರಣಾನೂ ಹೇಳಲಿಲ್ಲ. ಟ್ರಂಕು ಕಟ್ಟುವಾಗೆಲ್ಲ ನಿಮ್ಮಪ್ಪನಿಗೆ ಹೇಳ್ತಿದ್ದೆ, ನಮಗೂ ಒಂದು ದ್ವಾರಕೆ ಬೇಕು ರೀ ಅಂತ. ಅವರು ಹೂಂ ಅಂತಿದ್ರು.”

ನಾನೂ ಒಂದು ಹಿಡಿ ಅವರೆಕಾಳು ಎತ್ತಿಕೊಂಡು ಹಿತುಕತೊಡಗಿದೆ. “ಮುಳುಗಿದ್ದರ ವಿಷಯ?” ಎಂದೆ ಕೊನೆಗೆ.

“ಕೃಷ್ಣ ಇರೋ ತನಕ ಮುಳುಗಲಿಲ್ಲ ತಾನೇ? ಅಷ್ಟು ದಿನ ಯಾರೂ ಬಂದು ಖಾಲಿ ಮಾಡಿ ಅನ್ನಲಿಲ್ಲ. ಅಷ್ಟು ಸಾಕು.”

ಹೊಯ್ಸಳರು, ನೇಮಿನಾಥರು, ಇರಮ್ ಶಹರ, ಕಡಲಡಿಯ ಲಂಗರು ಎಲ್ಲವನ್ನೂ ವಿಚಾರಿಸಲು ಎರಡು ಊರು ಸುತ್ತಿದವನಿಗೆ, ಹೆಸರು ಹೇಳಿದವರನ್ನೇ ಕೇಳಬೇಕೆಂದು ಹೊಳೆದೇ ಇರಲಿಲ್ಲ. “ಇದನ್ನ ಮೊದಲೇ ಹೇಳಬಾರದಿತ್ತೇನಮ್ಮ? ಒಂದೇ ಮಾತಿಗೆ ಚಿಕ್ಕಪ್ಪ ಕರಗಿಬಿಡ್ತಿದ್ರು. ನಾನು ಇಷ್ಟೆಲ್ಲ ಅಲೆಯೋದು ತಪ್ಪುತ್ತಿತ್ತು” ಎಂದೆ.

ಅಮ್ಮ ಕಾಳಿನ ಸಿಪ್ಪೆ ಒಂದು ಕಡೆ ಸರಿಸಿ, “ಹೇಳೋಣ ಅಂತಲೇ ಇದ್ದೆ” ಎಂದರು. “ಆದ್ರೆ ಶಾಲೆಗೆ ಹೋಗೋವಾಗಂತೂ ಪುಸ್ತಕ ಮುಟ್ಟಲಿಲ್ಲ. ಈಗಲಾದ್ರೂ ನಾಲ್ಕು ವಿಷಯ ಕಲೀತಿದ್ದಾನಲ್ಲ, ಕಲೀಲಿ ಅಂತ ಸುಮ್ಮನಾದೆ.”